ವಾರದ ಪಟ್ಟಿಯಲ್ಲಿ ಬರುವ ಶೇಕಡಾ ಏರಿಳಿತವನ್ನು ಎಷ್ಟು ನಂಬಬೇಕು? (ತೈಲ, ಗ್ಯಾಸ್, ಲೋಹ)

ಶುಕ್ರವಾರದ_ಪುಸ್ತಕ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪ್ರತಿ ಶುಕ್ರವಾರ ಮಾರುಕಟ್ಟೆ ಮುಗಿದ ಮೇಲೆ ಗೆರೆ ಹಾಕಿದ ಪುಸ್ತಕದಲ್ಲಿ ಬೆಲೆ ಬರೆಯುತ್ತೇನೆ. ಡಬ್ಲ್ಯುಟಿಐ (ಅಮೆರಿಕದ ಕಚ್ಚಾ ತೈಲ), ಬ್ರೆಂಟ್ (ಉತ್ತರ ಸಮುದ್ರದ ಕಚ್ಚಾ ತೈಲ), ಹೆನ್ರಿ ಹಬ್ ಗ್ಯಾಸ್ (ಅಮೆರಿಕದ ನೈಸರ್ಗಿಕ ಅನಿಲ), ಚಿನ್ನ, ಬೆಳ್ಳಿ, ತಾಮ್ರ, ಅಲ್ಯೂಮಿನಿಯಂ, ಸತು, ನಿಕಲ್. ಪಕ್ಕದಲ್ಲಿ ಹಿಂದಿನ ವಾರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಕಡಿಮೆ ಅಂತ. ಅದರ ಮುಂದೆ ಒಂದು ಸಾಲಿನಲ್ಲಿ ಕಾರಣ.

ಮೊನ್ನೆ ಮೊದಲಿಂದ ಓದಿಕೊಂಡು ಬಂದೆ. ಕಾರಣಗಳು ಬೆಲೆಗೆ ಹೊಂದುತ್ತಲೇ ಇಲ್ಲ. ಒಂದು ವಾರ ‘ಅಮೆರಿಕದಲ್ಲಿ ಕಚ್ಚಾ ತೈಲದ ದಾಸ್ತಾನು ಇಳಿಯಿತು, ಅದಕ್ಕೆ ಬೆಲೆ ಏರಿತು’ ಅಂತ ಬರೆದಿದ್ದೇನೆ. ಮೂರು ವಾರ ಬಿಟ್ಟು ನೋಡಿದರೆ ದಾಸ್ತಾನು ಅದಕ್ಕಿಂತ ಜಾಸ್ತಿ ಇಳಿದಿದೆ, ಬೆಲೆಯೂ ಇಳಿದಿದೆ! ಅಲ್ಲಿ ಕಾರಣದ ಜಾಗ ಖಾಲಿ. ‘ಡಾಲರ್ ಬಲವಾಯಿತು’ ಅಂತ ಹನ್ನೊಂದು ಕಡೆ ಬರೆದಿದ್ದೇನೆ. ಡಾಲರ್ ಬಲವಾದರೆ ಚಿನ್ನ ಇಳಿಯಬೇಕು ಅನ್ನುತ್ತಾರೆ, ಆದರೆ ಆ ಹನ್ನೊಂದರಲ್ಲಿ ನಾಲ್ಕು ವಾರ ಚಿನ್ನ ಏರಿದೆ.

ಇನ್ನೊಂದು ವಿಷಯ. ಕೆಲವು ವಾರ ನನ್ನ ಲೆಕ್ಕಕ್ಕೂ ಸುದ್ದಿಯಲ್ಲಿ ಬರುವ ಲೆಕ್ಕಕ್ಕೂ ತಾಳೆ ಆಗುವುದಿಲ್ಲ. ನಾನು ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ, ಮೂರು ಮೂರು ಸಲ ನೋಡಿದ್ದೇನೆ. ನಾನು ವ್ಯಾಪಾರ ಮಾಡುವವನಲ್ಲ. ಈ ಬೆಲೆಗಳು ಯಾಕೆ ಹೀಗೆ ಅಲುಗಾಡುತ್ತವೆ ಅಂತ ಅರ್ಥ ಮಾಡಿಕೊಳ್ಳುವ ಆಸೆ, ಅಷ್ಟೇ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಒಪ್ಪಂದದ_ತಿಂಗಳು

ಸರ್, ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕಂದ್ರೆ ಅದು ಸರಿಹೋಗದೆ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ. ‘ಡಬ್ಲ್ಯುಟಿಐ ಬೆಲೆ’ ಅಂತ ನೀವು ಬರೆಯುತ್ತಿರುವುದು ಯಾವ ತಿಂಗಳ ಕಾಂಟ್ರಾಕ್ಟ್? ಪುಸ್ತಕದಲ್ಲಿ ತಿಂಗಳ ಹೆಸರು ಇಲ್ಲ ಅಂದುಕೊಳ್ಳುತ್ತೇನೆ.

ತೈಲದ ಫ್ಯೂಚರ್ಸ್, ಅಂದರೆ ಮುಂದೆ ಕೊಡುವ ತೈಲಕ್ಕೆ ಇವತ್ತೇ ಬೆಲೆ ಕಟ್ಟುವ ಕಾಂಟ್ರಾಕ್ಟ್, ಪ್ರತಿ ತಿಂಗಳಿಗೂ ಬೇರೆ ಬೇರೆ. ಡಬ್ಲ್ಯುಟಿಐ ಕಾಂಟ್ರಾಕ್ಟ್ ಸಾಮಾನ್ಯವಾಗಿ ತೈಲ ಕೊಡುವ ತಿಂಗಳಿಗಿಂತ ಹಿಂದಿನ ತಿಂಗಳ 25ನೇ ತಾರೀಕಿಗೆ ಮೂರು ಕೆಲಸದ ದಿನ ಮೊದಲು ಮುಗಿಯುತ್ತದೆ. ಅಂದರೆ ಸುಮಾರು 20ರ ಹೊತ್ತಿಗೆ. ಅದು ಮುಗಿದ ತಕ್ಷಣ ಪಟ್ಟಿಯಲ್ಲಿ ಮುಂದಿನ ತಿಂಗಳ ಕಾಂಟ್ರಾಕ್ಟ್ ಬಂದು ಕೂರುತ್ತದೆ. ಹೆಸರು ಅದೇ, ಸರಕು ಬೇರೆ. ಹೊಸದು ಹಳೆಯದಕ್ಕಿಂತ ಎರಡು ಡಾಲರ್ ಜಾಸ್ತಿ ಇದ್ದರೆ, ಒಂದು ಬ್ಯಾರೆಲ್ ಕೂಡ ದುಬಾರಿ ಆಗದೆ ನಿಮ್ಮ ಪುಸ್ತಕದಲ್ಲಿ ಎರಡು ಡಾಲರ್ ಏರಿಕೆ ಕಾಣುತ್ತದೆ.

ಇದು ಎಷ್ಟು ದೊಡ್ಡ ಮೋಸ ಮಾಡಬಲ್ಲದು ಅನ್ನುವುದಕ್ಕೆ 2020ರ ಏಪ್ರಿಲ್ ತೆಗೆದುಕೊಳ್ಳಿ. ಏಪ್ರಿಲ್ 17, ಶುಕ್ರವಾರ. ಮೇ ಕಾಂಟ್ರಾಕ್ಟ್ 18.27 ಡಾಲರ್‌ಗೆ ಮುಗಿಯಿತು. ಪಟ್ಟಿಯಲ್ಲಿ ಬಂದದ್ದು ಅದೇ. ಮುಂದಿನ ಶುಕ್ರವಾರ, ಏಪ್ರಿಲ್ 24. ಆಗ ಪಟ್ಟಿಯಲ್ಲಿ ಇದ್ದದ್ದು ಜೂನ್ ಕಾಂಟ್ರಾಕ್ಟ್, 16.94 ಡಾಲರ್. ನಿಮ್ಮ ರೀತಿ ಲೆಕ್ಕ ಹಾಕಿದರೆ ಆ ವಾರ ಬೆಲೆ ಇಳಿದದ್ದು ಬರೀ ಶೇ. 7.

ಆ ವಾರದ ಸೋಮವಾರವೇ ಅಲ್ವಾ ಮೇ ತೈಲ ಮೈನಸ್ 37.63 ಡಾಲರ್‌ಗೆ ಮುಗಿದದ್ದು! ತೈಲ ಕೊಡುವವನೇ ತೆಗೆದುಕೊಳ್ಳುವವನಿಗೆ ದುಡ್ಡು ಕೊಟ್ಟ ದಿನ. ನಿಮ್ಮ ಪುಸ್ತಕದಲ್ಲಿ ಅದರ ಸುಳಿವೂ ಇರುತ್ತಿರಲಿಲ್ಲ. ಜೂನ್ ಕಾಂಟ್ರಾಕ್ಟನ್ನೇ ಹಿಡಿದು ನೋಡಿ. ಏಪ್ರಿಲ್ 17ಕ್ಕೆ 25.03, ಏಪ್ರಿಲ್ 24ಕ್ಕೆ 16.94. ಇಳಿಕೆ ಶೇ. 32. ಒಂದೇ ವಾರ, ಒಂದೇ ಹೆಸರು. ಒಬ್ಬರು ಶೇ. 7 ಅನ್ನುತ್ತಾರೆ, ಇನ್ನೊಬ್ಬರು ಶೇ. 32 ಅನ್ನುತ್ತಾರೆ. ಕೂಡಿ ಕಳೆಯುವುದರಲ್ಲಿ ಇಬ್ಬರದೂ ತಪ್ಪಿಲ್ಲ.

ಬ್ರೆಂಟ್ ಆ ಸೋಮವಾರ 25 ಡಾಲರ್ ಆಸುಪಾಸಿನಲ್ಲೇ ಇತ್ತು. ಯಾಕೆ ಗೊತ್ತಾ? ಡಬ್ಲ್ಯುಟಿಐ ಕಾಂಟ್ರಾಕ್ಟ್ ಕೊನೆವರೆಗೆ ಹಿಡಿದವರು ಒಕ್ಲಹೋಮಾದ ಕುಶಿಂಗ್‌ನಲ್ಲಿ ನಿಜವಾದ ತೈಲ ಇಳಿಸಿಕೊಳ್ಳಬೇಕು, ಒಂದು ಕಾಂಟ್ರಾಕ್ಟ್‌ಗೆ 1000 ಬ್ಯಾರೆಲ್. ಅಲ್ಲಿ ಖಾಲಿ ಉಳಿದಿದ್ದ ಟ್ಯಾಂಕ್‌ಗಳೆಲ್ಲ ಮೊದಲೇ ಬಾಡಿಗೆಗೆ ಹೋಗಿದ್ದವು. ಬ್ರೆಂಟ್‌ನಲ್ಲಿ ಕೊನೆಗೆ ಹಣದಲ್ಲಿ ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು.

ಶುಕ್ರವಾರದ_ಪುಸ್ತಕ

ಈಗಷ್ಟೇ ಪುಸ್ತಕ ತೆಗೆದು ನೋಡಿದೆ. ತಾಳೆ ಆಗದ ವಾರಗಳು ಬಹುತೇಕ ಎಲ್ಲವೂ ತಿಂಗಳ ಮೂರನೇ ವಾರ! ಎರಡು ವರ್ಷ ನನಗೆ ಇದು ಹೊಳೆಯಲೇ ಇಲ್ಲ. ತುಂಬಾ ಧನ್ಯವಾದ ಸರ್.

ಹಾಗಾದರೆ ದಾಸ್ತಾನಿನ ಕತೆ ಏನು? ಅದಕ್ಕೂ ಕಾಂಟ್ರಾಕ್ಟ್‌ಗೂ ಸಂಬಂಧ ಇದೆಯಾ?

ಡಿಪ್_ಟೇಪ್

ಇದಕ್ಕೆ ನಾನು ಉತ್ತರ ಕೊಡಬಹುದು. ಕಚ್ಚಾ ತೈಲದ ಟ್ಯಾಂಕ್ ಫಾರ್ಮ್‌ನಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದೇನೆ.

ಮೊದಲು ದಾಸ್ತಾನು ಅನ್ನುವ ಅಂಕಿ ಹುಟ್ಟುವುದು ಎಲ್ಲಿ ಅಂತ ತಿಳಿಯಿರಿ. ಬೆಳಿಗ್ಗೆ ಆರಕ್ಕೆ ಟ್ಯಾಂಕಿನ ಸುತ್ತು ಮೆಟ್ಟಿಲು ಹತ್ತುತ್ತೇವೆ. ಕೈಯಲ್ಲಿ ಉಕ್ಕಿನ ಟೇಪ್, ತುದಿಗೆ ಹಿತ್ತಾಳೆಯ ಗುಂಡು. ಗುಂಡಿಗೆ ನೀರು ಪತ್ತೆ ಮಾಡುವ ಪೇಸ್ಟ್ ಸವರಿ ನಿಧಾನಕ್ಕೆ ಕೆಳಗೆ ಬಿಡುತ್ತೇವೆ. ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಎಳೆದುಕೊಂಡಾಗ ತೈಲ ಎಲ್ಲಿವರೆಗೆ ಅಂಟಿದೆ ಅನ್ನುವುದು ಒಂದು ಅಂಕಿ, ಪೇಸ್ಟ್ ಎಲ್ಲಿವರೆಗೆ ಬಣ್ಣ ಬದಲಿಸಿದೆ ಅನ್ನುವುದು ಇನ್ನೊಂದು. ಎರಡನೆಯದು ನೀರು, ಅದನ್ನು ಕಳೆಯಬೇಕು. ಆಮೇಲೆ ತೈಲದ ಬಿಸಿ ನೋಡಿ ಸರಿಪಡಿಸಬೇಕು, ಯಾಕಂದ್ರೆ ಬಿಸಿಲಿಗೆ ತೈಲ ಉಬ್ಬುತ್ತದೆ. 60 ಮೀಟರ್ ಅಡ್ಡಳತೆಯ ಟ್ಯಾಂಕಿನಲ್ಲಿ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೆ ಸುಮಾರು 178 ಬ್ಯಾರೆಲ್ ಹೆಚ್ಚು ಕಡಿಮೆ. ಈಗ ದೊಡ್ಡ ಟ್ಯಾಂಕ್‌ಗಳಲ್ಲಿ ರಡಾರ್ ಮಾಪಕ ಇದೆ, ಆದರೂ ಅದು ಸರಿಯಿದೆಯಾ ಅಂತ ನೋಡಲು ಟೇಪ್ ಇಳಿಸುವುದು ನಿಂತಿಲ್ಲ.

ಹೀಗೆ ಸಾವಿರಾರು ಟ್ಯಾಂಕ್‌ಗಳ ಲೆಕ್ಕ ಕೂಡಿದರೆ ವಾರದ ಅಂಕಿ. ಅಮೆರಿಕದ ಇಂಧನ ಮಾಹಿತಿ ಇಲಾಖೆ, ಅಂದರೆ ಇಐಎ, ಬುಧವಾರ ಬೆಳಿಗ್ಗೆ ಅಲ್ಲಿನ ಪೂರ್ವ ಕರಾವಳಿ ಸಮಯ 10:30ಕ್ಕೆ ವರದಿ ಬಿಡುತ್ತದೆ. ಆದರೆ ಆ ಅಂಕಿ ಹಿಂದಿನ ಶುಕ್ರವಾರದವರೆಗಿನದು. ಮಂಗಳವಾರ ಸಂಜೆ ಎಪಿಐ ಅನ್ನುವ ಉದ್ಯಮ ಸಂಸ್ಥೆ ತನ್ನ ಅಂದಾಜು ಕೊಟ್ಟಿರುತ್ತದೆ. ಅಂದರೆ ನೀವು ಶುಕ್ರವಾರ ಪುಸ್ತಕದಲ್ಲಿ ಬರೆಯುವ ಹೊತ್ತಿಗೆ ಆ ದಾಸ್ತಾನು ಏಳು ದಿನ ಹಳೆಯದು! ಈ ವಾರದ ಬೆಲೆ ಪಕ್ಕದಲ್ಲಿ ನೀವು ಹೋದ ವಾರದ ಟ್ಯಾಂಕ್ ಇಟ್ಟು ಹೋಲಿಸುತ್ತಿದ್ದೀರಿ.

ಎರಡನೆಯದು, ಇಳಿದದ್ದು ಯಾಕೆ ಅಂತ ನೋಡಬೇಕು. ಹ್ಯೂಸ್ಟನ್ ಹಡಗು ಕಾಲುವೆಯಲ್ಲಿ ಚಳಿಗಾಲದ ಮಂಜು ಬಿದ್ದರೆ ಹಡಗು ಹೊರಗೇ ನಿಲ್ಲುತ್ತವೆ. ಆ ವಾರ ಆಮದು ಕಡಿಮೆ, ದಾಸ್ತಾನು ಇಳಿಯಿತು ಅಂತ ವರದಿ. ಮಂಜು ಸರಿದ ಮೇಲೆ ಅದೇ ಹಡಗು ಒಳಗೆ ಬಂದು ಮುಂದಿನ ವಾರ ದಾಸ್ತಾನು ಏರುತ್ತದೆ. ಯಾರೂ ಒಂದು ಲೀಟರ್ ಜಾಸ್ತಿ ಸುಟ್ಟಿಲ್ಲ. ಡಿಸೆಂಬರ್ ಕೊನೆಯಲ್ಲೂ ಹಾಗೇ. ಟೆಕ್ಸಾಸ್‌ನಲ್ಲಿ ವರ್ಷದ ಕೊನೆ ದಿನ ಟ್ಯಾಂಕಿನಲ್ಲಿ ಇರುವ ತೈಲದ ಮೇಲೆ ತೆರಿಗೆ ಬೀಳುತ್ತದೆ, ಹಾಗಾಗಿ ಆದಷ್ಟು ಕಡಿಮೆ ಇಟ್ಟುಕೊಳ್ಳುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಚ್ಚಾ ತೈಲ ಇಳಿದಾಗ ಅದೇ ವರದಿಯಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಸಾಲನ್ನು ನೋಡಿ. ರಿಫೈನರಿಗಳು ಜೋರಾಗಿ ಓಡಿದರೆ ಕಚ್ಚಾ ತೈಲ ಇಳಿಯುತ್ತದೆ, ಪೆಟ್ರೋಲ್ ಏರುತ್ತದೆ. ತೈಲ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹೋಯಿತು ಅಷ್ಟೇ. ಕೊಳ್ಳುವವರು ಇಲ್ಲ ಅಂತ ಮಾರುಕಟ್ಟೆ ಓದುತ್ತದೆ, ಬೆಲೆ ಇಳಿಯುತ್ತದೆ. ನೀವು ಖಾಲಿ ಬಿಟ್ಟ ಆ ಸಾಲಿನ ವಾರ ಪೆಟ್ರೋಲ್ ಎಷ್ಟಿತ್ತು ಅಂತ ನೋಡಿ ಹೇಳಿ.

ಶುಕ್ರವಾರದ_ಪುಸ್ತಕ

ನೋಡಿದೆ ಅಣ್ಣ. ಹಳೆಯ ವರದಿ ತೆಗೆದೆ. ಕಚ್ಚಾ ತೈಲ ಇಳಿದಿದೆ. ಪೆಟ್ರೋಲ್ ಏರಿದೆ, ಡೀಸೆಲ್ ಕೂಡ ಏರಿದೆ. ಎರಡೂ ಸೇರಿದರೆ ಇಳಿದದ್ದಕ್ಕಿಂತ ಜಾಸ್ತಿ. ಖಾಲಿ ಜಾಗ ತುಂಬಿದೆ.

ಗ್ಯಾಸ್_ಗುರುವಾರ

ಡಿಪ್ ಟೇಪ್ ಅಣ್ಣ ಹೇಳಿದ್ದನ್ನು ಓದಿ ಖುಷಿಯಾಯಿತು. ಗ್ಯಾಸ್ ಬಗ್ಗೆ ನಾನು ಸೇರಿಸುತ್ತೇನೆ.

ಗ್ಯಾಸ್‌ನ ಸಂಗ್ರಹದ ವರದಿ ಗುರುವಾರ ಬರುತ್ತದೆ, ಅದೂ ಇಐಎದ್ದೇ. ಇಲ್ಲಿ ‘ಏರಿತು, ಇಳಿಯಿತು’ ಅನ್ನುವುದಕ್ಕೆ ಅರ್ಥವೇ ಇಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಭೂಮಿಯೊಳಗಿನ ಸಂಗ್ರಹಕ್ಕೆ ತುಂಬುತ್ತಾರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ತೆಗೆಯುತ್ತಾರೆ. ಹಾಗಾಗಿ ಜುಲೈನಲ್ಲಿ ಸಂಗ್ರಹ ಏರಿದರೆ ಸುದ್ದಿ ಅಲ್ಲ. ಅದೇ ವಾರಕ್ಕೆ ಐದು ವರ್ಷದ ಸರಾಸರಿ ಎಷ್ಟು, ಅದಕ್ಕಿಂತ ಎಷ್ಟು ಹೆಚ್ಚು ಕಡಿಮೆ ಅನ್ನುವುದೇ ಸುದ್ದಿ. ಉಳಿದದ್ದು ಹವಾಮಾನ. ಮುನ್ಸೂಚನೆಯ ಕಂಪ್ಯೂಟರ್ ಮಾದರಿ ದಿನಕ್ಕೆ ನಾಲ್ಕು ಸಲ ಬರುತ್ತದೆ, ನಾಲ್ಕು ಸಲವೂ ಬೆಲೆ ಅಲುಗಾಡುತ್ತದೆ. ಸೋಮವಾರ ಚಳಿ ಅಂದವರು ಗುರುವಾರ ಚಳಿ ಇಲ್ಲ ಅಂದರೆ ವಾರದ ಕೊನೆಗೆ ಬೆಲೆ ಇದ್ದಲ್ಲೇ ಇರುತ್ತದೆ, ನಡುವೆ ದೊಡ್ಡ ಬಿರುಗಾಳಿಯೇ ಎದ್ದು ಹೋಗಿರುತ್ತದೆ.

ಒಂದು ಘಟನೆ ಹೇಳಲೇಬೇಕು. 2022ರ ಜೂನ್ 8ರಂದು ಟೆಕ್ಸಾಸ್‌ನ ಫ್ರೀಪೋರ್ಟ್ ಎಲ್‌ಎನ್‌ಜಿ ಘಟಕದಲ್ಲಿ ಬೆಂಕಿ ಬಿತ್ತು. ದಿನಕ್ಕೆ ಸುಮಾರು 2 ಬಿಲಿಯನ್ ಘನ ಅಡಿ ಗ್ಯಾಸನ್ನು ದ್ರವ ಮಾಡಿ ಹಡಗಿಗೆ ತುಂಬುವ ಜಾಗ. ಜೂನ್ 14ರಂದು ‘ಇನ್ನೂ ತಿಂಗಳುಗಟ್ಟಲೆ ಬೇಕು’ ಅಂತ ಗೊತ್ತಾಯಿತು. ಅವತ್ತು ಹೆನ್ರಿ ಹಬ್ ಬೆಲೆ ಶೇ. 16ರಷ್ಟು ಕುಸಿಯಿತು. ಯುರೋಪಿನ ಗ್ಯಾಸ್ ಬೆಲೆ, ಅಂದರೆ ಟಿಟಿಎಫ್, ಏರಿತು. ಬೆಂಕಿ ಒಂದೇ! ಅಮೆರಿಕದಿಂದ ಹೊರಗೆ ಹೋಗಬೇಕಿದ್ದ ಗ್ಯಾಸ್ ಒಳಗೇ ಉಳಿಯಿತು, ಅಲ್ಲಿ ಅಗ್ಗ. ಯುರೋಪಿಗೆ ಬರಬೇಕಿದ್ದದ್ದು ಬರಲಿಲ್ಲ, ಯುರೋಪಿನಲ್ಲಿ ತುಟ್ಟಿ. ‘ಗ್ಯಾಸ್ ಬೆಲೆ ಏರಿತಾ ಇಳಿಯಿತಾ’ ಅಂದರೆ ಎಲ್ಲಿಯ ಗ್ಯಾಸ್ ಅಂತ ಮೊದಲು ಕೇಳಬೇಕು.

ಇನ್ನೊಂದು ಮಾತು ಸರ್. ನಿಮ್ಮ ಪಟ್ಟಿಯಲ್ಲಿ ಗ್ಯಾಸ್‌ನ ಶೇ. 8ನ್ನೂ ಚಿನ್ನದ ಶೇ. 3ನ್ನೂ ಅಕ್ಕಪಕ್ಕ ಇಟ್ಟು ಗ್ಯಾಸ್ ಜಾಸ್ತಿ ಅಲುಗಾಡಿತು ಅನ್ನಬೇಡಿ. ಗ್ಯಾಸ್‌ಗೆ ಶೇ. 8 ಅನ್ನುವುದು ಮಾಮೂಲಿ ವಾರ. ಚಿನ್ನಕ್ಕೆ ಶೇ. 3 ಅಂದರೆ ಏನೋ ಆಗಿದೆ ಅಂತ ಅರ್ಥ.

ತಾಮ್ರದ_ತಂತಿ

ನಾನು ಕೇಬಲ್ ಮಾಡುವ ಘಟಕವೊಂದರಲ್ಲಿ ತಾಮ್ರ ಕೊಳ್ಳುವ ಕೆಲಸ ಮಾಡುತ್ತೇನೆ. ಈ ಚರ್ಚೆ ಓದುತ್ತಾ ನನ್ನ ಮೊದಲ ವರ್ಷ ನೆನಪಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ನಮಗೆ ತಾಮ್ರ ಬರುವುದು ಕ್ಯಾಥೋಡ್ ಅಂತ, ಸುಮಾರು ಒಂದು ಮೀಟರ್ ಉದ್ದಗಲದ ದಪ್ಪ ತಗಡುಗಳು. ಅಂಚಿನಲ್ಲಿ ಸಣ್ಣ ಸಣ್ಣ ಗಂಟು, ಬಣ್ಣ ಗುಲಾಬಿ ಕೆಂಪು. ಕಟ್ಟು ಕಟ್ಟಿ ಉಕ್ಕಿನ ಪಟ್ಟಿ ಬಿಗಿದಿರುತ್ತಾರೆ. ಅದನ್ನು ಕರಗಿಸಿ 8 ಮಿಲಿಮೀಟರ್ ದಪ್ಪದ ಸರಳು ಮಾಡಿ, ಆಮೇಲೆ ತಂತಿ ಎಳೆಯುತ್ತಾರೆ. ಬೆಲೆ ಎಲ್‌ಎಂಇ, ಅಂದರೆ ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನದು.

2021ರ ಅಕ್ಟೋಬರ್. ನಾನೂ ನಿಮ್ಮ ಹಾಗೆ ವಾರದ ಪಟ್ಟಿ ನೋಡಿ ಮೇಲಿನವರಿಗೆ ಹೇಳುತ್ತಿದ್ದೆ. ಪಟ್ಟಿಯಲ್ಲಿ ಬರುವುದು ಮೂರು ತಿಂಗಳ ಬೆಲೆ, ಅಂದರೆ ಮೂರು ತಿಂಗಳು ಬಿಟ್ಟು ಕೈಗೆ ಬರುವ ಲೋಹದ ಬೆಲೆ. ಎಲ್‌ಎಂಇಯಲ್ಲಿ ಅದೇ ಮುಖ್ಯ ಬೆಲೆ, ಚಿಲಿಯಿಂದ ತಾಮ್ರದ ಹಡಗು ಬರಲು ಮೂರು ತಿಂಗಳು ಹಿಡಿಯುತ್ತಿದ್ದ ಕಾಲದಿಂದ ಬಂದ ಪದ್ಧತಿ. ಆದರೆ ನಮ್ಮ ಬಿಲ್ ಆಗುತ್ತಿದ್ದದ್ದು ಕ್ಯಾಶ್ ಬೆಲೆಯ, ಅಂದರೆ ಕೂಡಲೇ ಕೈಗೆ ಬರುವ ಲೋಹದ ಬೆಲೆಯ, ಸರಾಸರಿ ಮೇಲೆ. ಸಾಮಾನ್ಯ ದಿನಗಳಲ್ಲಿ ಎರಡಕ್ಕೂ ಕೆಲವು ಹತ್ತು ಡಾಲರ್ ವ್ಯತ್ಯಾಸ, ಹಾಗಾಗಿ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಆ ತಿಂಗಳು ಎಲ್‌ಎಂಇ ಗೋದಾಮುಗಳಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ತಾಮ್ರ 14,150 ಟನ್‌ಗೆ ಇಳಿಯಿತು. ಇಡೀ ಜಗತ್ತಿನ ಎಲ್‌ಎಂಇ ಗೋದಾಮುಗಳೆಲ್ಲ ಸೇರಿ ಅಷ್ಟೇ! ಕ್ಯಾಶ್ ಬೆಲೆ ಮೂರು ತಿಂಗಳ ಬೆಲೆಗಿಂತ ಟನ್‌ಗೆ 1000 ಡಾಲರ್‌ಗೂ ಮೇಲೆ ಹೋಯಿತು. ಕೈಯಲ್ಲಿರುವ ಲೋಹ ಮುಂದೆ ಬರುವ ಲೋಹಕ್ಕಿಂತ ದುಬಾರಿ ಆದರೆ ಅದಕ್ಕೆ ಬ್ಯಾಕ್‌ವರ್ಡೇಶನ್ ಅನ್ನುತ್ತಾರೆ. ನನ್ನ ಪಟ್ಟಿ ಒಂದು ಹೇಳುತ್ತಿತ್ತು, ಬಿಲ್ ಇನ್ನೊಂದು ಹೇಳಿತು. ಆ ಬಿಲ್ ಹಿಡಿದುಕೊಂಡು ಮೇಲಿನವರ ಮುಂದೆ ನಿಂತದ್ದು ಈಗಲೂ ಕಣ್ಣ ಮುಂದಿದೆ.

ಅವತ್ತಿನಿಂದ ಬೆಲೆಗಿಂತ ಮೊದಲು ನಾನು ಕ್ಯಾಶ್ ಮತ್ತು ಮೂರು ತಿಂಗಳ ಅಂತರ ನೋಡುತ್ತೇನೆ. ಬೆಲೆಯಲ್ಲಿ ಎಲ್ಲರ ಊಹೆಯೂ ಬೆರೆತಿರುತ್ತದೆ, ಡಾಲರ್, ಬಡ್ಡಿ, ಚೀನಾದ ಸುದ್ದಿ, ಎಲ್ಲವೂ. ಅಂತರದಲ್ಲಿ ಇರುವುದು ಒಂದೇ ಪ್ರಶ್ನೆ: ಲೋಹ ಇವತ್ತು ಎಷ್ಟು ಜನಕ್ಕೆ ಅರ್ಜೆಂಟ್ ಬೇಕು?

ಒಪ್ಪಂದದ_ತಿಂಗಳು

ಮೇಡಂ, ಬಹಳ ಚೆನ್ನಾಗಿ ಹೇಳಿದಿರಿ. ತೈಲದಲ್ಲೂ ಇದೇ ಮಾತು. ಮೊದಲ ತಿಂಗಳ ಮತ್ತು ಎರಡನೇ ತಿಂಗಳ ಅಂತರ ನೋಡಬೇಕು. ಬೆಲೆ ಶೇ. 4 ಏರಿ ಅಂತರ ಅಲುಗದಿದ್ದರೆ, ಆ ಏರಿಕೆ ಬಹುಮಟ್ಟಿಗೆ ಡಾಲರ್‌ನಿಂದಲೋ ಫಂಡ್‌ಗಳ ಖರೀದಿಯಿಂದಲೋ ಬಂದದ್ದು ಅಂತ ನಾನು ತಿಳಿಯುತ್ತೇನೆ.

ಲೋಹದ ದಾಸ್ತಾನು ಇಳಿದರೆ ಬೇಡಿಕೆ ಅಂತಲೇ ಓದಬಹುದಾ ಮೇಡಂ?

ತಾಮ್ರದ_ತಂತಿ

ಇಲ್ಲ ಸರ್, ಅದೇ ದೊಡ್ಡ ಗುಂಡಿ. ಗೋದಾಮಿನಿಂದ ಹೊರಗೆ ಹೋದ ಲೋಹ ಕಾರ್ಖಾನೆಗೆ ಹೋಯಿತು ಅಂತ ಯಾರೂ ಬರೆದು ಕೊಟ್ಟಿಲ್ಲ. 2025ರಲ್ಲಿ ಅಮೆರಿಕ ತಾಮ್ರದ ಮೇಲೆ ಸುಂಕ ಹಾಕುತ್ತದೆ ಅಂತ ಆಯಿತು. ಸುಂಕ ಬರುವ ಮೊದಲು ಒಳಗೆ ಸೇರಿಸಬೇಕು ಅಂತ ಎಲ್ಲರೂ ಅಮೆರಿಕಕ್ಕೆ ತಾಮ್ರ ಸಾಗಿಸಿದರು. ಲಂಡನ್ ಲೆಕ್ಕದ ಗೋದಾಮುಗಳಲ್ಲಿ ದಾಸ್ತಾನು ತುಂಬಾ ಇಳಿಯಿತು, ನ್ಯೂಯಾರ್ಕಿನ ಲೋಹದ ಮಾರುಕಟ್ಟೆಯಾದ ಕೋಮೆಕ್ಸ್‌ನ ಗೋದಾಮುಗಳು ತುಂಬಿದವು. ಕೋಮೆಕ್ಸ್ ಬೆಲೆ ಲಂಡನ್ ಬೆಲೆಗಿಂತ ಎಷ್ಟೋ ಮೇಲೆ ಹೋಯಿತು. ಜುಲೈ 30ರಂದು ಶುದ್ಧ ತಾಮ್ರಕ್ಕೆ ಸುಂಕ ಇಲ್ಲ ಅಂತ ಘೋಷಣೆ ಬಂತು. ಕೋಮೆಕ್ಸ್ ಬೆಲೆ ಒಂದು ದಿನದೊಳಗೆ ಶೇ. 20ಕ್ಕೂ ಜಾಸ್ತಿ ಬಿತ್ತು. ಲಂಡನ್‌ನಲ್ಲಿ ಅದರ ಹತ್ತಿರ ಹತ್ತಿರದ ಅಲುಗಾಟವೂ ಇರಲಿಲ್ಲ. ಆ ವಾರದ ಪಟ್ಟಿಯಲ್ಲಿ ‘ತಾಮ್ರ’ ಅಂತ ಒಂದೇ ಸಾಲು ಇಟ್ಟವರು ಏನು ಬರೆದಿರಬಹುದು?

ಹೊಸಬರಿಗೆ ಒಂದು ಸೂಚನೆ. ಕೋಮೆಕ್ಸ್ ಬೆಲೆ ಪೌಂಡ್ ತೂಕಕ್ಕೆ, ಲಂಡನ್ ಬೆಲೆ ಟನ್‌ಗೆ. 2204.62ರಿಂದ ಗುಣಿಸಿ. ಪೌಂಡ್‌ಗೆ 4 ಡಾಲರ್ ಅಂದರೆ ಟನ್‌ಗೆ 8818.

ಹಳದಿ_ಬಿಳಿ

ಚಿನ್ನದ ಬಗ್ಗೆ ಯಾರೂ ಹೇಳಲಿಲ್ಲ, ಸ್ವಲ್ಪ ಹೇಳುತ್ತೇನೆ. ‘ಡಾಲರ್ ಬಲವಾದರೂ ಚಿನ್ನ ಏರಿತು’ ಅಂತ ನೀವು ಗೊಂದಲ ಮಾಡಿಕೊಂಡಿದ್ದೀರಿ. ಚಿನ್ನಕ್ಕೆ ಬಡ್ಡಿ ಬರುವುದಿಲ್ಲ. ಹಾಗಾಗಿ ಹಣದುಬ್ಬರ ಕಳೆದು ಉಳಿಯುವ ಬಡ್ಡಿ ಏನಾಗುತ್ತಿದೆ ಅನ್ನುವುದು ಡಾಲರ್‌ನಷ್ಟೇ ಮುಖ್ಯ. ಹೆದರಿಕೆಯ ವಾರಗಳಲ್ಲಿ ಜನ ಡಾಲರ್ ಮತ್ತು ಚಿನ್ನ ಎರಡನ್ನೂ ಕೊಳ್ಳುತ್ತಾರೆ. 2022ರ ನಂತರ ಹಲವು ದೇಶಗಳ ಕೇಂದ್ರ ಬ್ಯಾಂಕ್‌ಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳಲು ಶುರು ಮಾಡಿದ ಮೇಲೆ ಹಳೆಯ ಲೆಕ್ಕ ಇನ್ನೂ ಸಡಿಲವಾಗಿದೆ.

ವಾರದ ಗೆರೆ ಬಗ್ಗೆಯೂ ಒಂದು ಮಾತು. 2013ರ ಏಪ್ರಿಲ್ 12 ಮತ್ತು 15ರಂದು ಚಿನ್ನ ಒಟ್ಟು ಶೇ. 13ರಷ್ಟು ಬಿತ್ತು. ಮೊದಲನೆಯದು ಶುಕ್ರವಾರ, ಎರಡನೆಯದು ಸೋಮವಾರ. ವಾರದ ಪಟ್ಟಿಯಲ್ಲಿ ಅದು ಎರಡು ವಾರಕ್ಕೆ ಹರಿದು ಹಂಚಿಹೋಯಿತು. ನಡೆದದ್ದು ಒಂದೇ ಕುಸಿತ.

ಬೆಳ್ಳಿಯನ್ನು ಚಿನ್ನದ ತಂಗಿ ಅಂತ ನೋಡಬೇಡಿ. ಅದರ ಅರ್ಧಕ್ಕೂ ಹೆಚ್ಚು ಬೇಡಿಕೆ ಕಾರ್ಖಾನೆಗಳದು, ಸೋಲಾರ್ ಪ್ಯಾನೆಲ್ ಸೇರಿ. ತಾಮ್ರ ಬಿದ್ದ ವಾರ ಬೆಳ್ಳಿಯೂ ಬೀಳುವುದು ಅದಕ್ಕೆ.

ಗದ್ದಲ_ಬೇಡ

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳುತ್ತೇನೆ. ವಾರ ವಾರ ಕಾರಣ ಹುಡುಕುವುದೇ ತಪ್ಪು ಅಂತ ನನ್ನ ಅಭಿಪ್ರಾಯ. 2019ರ ಸೆಪ್ಟೆಂಬರ್ 14, ಶನಿವಾರ, ಸೌದಿಯ ಅಬ್ಖೈಕ್ ತೈಲ ಘಟಕದ ಮೇಲೆ ದಾಳಿ ಆಯಿತು. ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತಿತು, ಜಗತ್ತಿನ ತೈಲದಲ್ಲಿ ಸುಮಾರು ಶೇ. 5. ಶುಕ್ರವಾರ 60.22 ಇದ್ದ ಬ್ರೆಂಟ್ ಸೋಮವಾರ 69.02ಕ್ಕೆ ಮುಗಿಯಿತು. ಆ ಶುಕ್ರವಾರಕ್ಕೆ 64ರ ಆಸುಪಾಸು. ತಿಂಗಳ ಕೊನೆಗೆ 61ರ ಹತ್ತಿರ. ಇಷ್ಟು ದೊಡ್ಡ ಘಟನೆಯೇ ಎರಡು ವಾರದಲ್ಲಿ ಬೆಲೆಯಿಂದ ಅಳಿಸಿಹೋಯಿತು. ಇನ್ನು ಮಾಮೂಲಿ ವಾರದ ಶೇ. 2ಕ್ಕೆ ಕಾರಣ ಎಲ್ಲಿಂದ ತರುತ್ತೀರಿ? ಸುಮ್ನೆ ಮೂರು ತಿಂಗಳಿಗೊಮ್ಮೆ ನೋಡಿ, ಸಾಕು.

ತಾಮ್ರದ_ತಂತಿ

ಸರ್, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಶೇ. 2ಕ್ಕೆ ಕಾರಣ ಬರೆಯಬೇಕಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ನೋಡುವ ಸೌಲಭ್ಯ ನಮ್ಮಂಥವರಿಗೆ ಇಲ್ಲ. ಈ ವಾರ ಲೋಹ ಬುಕ್ ಮಾಡಬೇಕೋ ಮುಂದಿನ ವಾರವೋ ಅಂತ ನಾನು ಇವತ್ತೇ ಹೇಳಬೇಕು. ಅಬ್ಖೈಕ್ ಬೆಲೆ ಅಳಿಸಿಹೋದದ್ದು ನಿಜ. ಆದರೆ ಆ ಸೋಮವಾರ ಕೊಳ್ಳಬೇಕಿದ್ದವರು 69 ಕೊಟ್ಟೇ ಕೊಂಡರು, ಅವರ ದುಡ್ಡು ವಾಪಸ್ ಬರಲಿಲ್ಲ.

ಡಿಪ್_ಟೇಪ್

ಅಬ್ಖೈಕ್ ಬೆಲೆ ಅಳಿಸಿಹೋದದ್ದಕ್ಕೂ ಕಾರಣ ಇತ್ತು. ಸೌದಿಯವರು ಟ್ಯಾಂಕ್‌ಗಳಲ್ಲಿ ಇಟ್ಟಿದ್ದ ತೈಲ ತೆಗೆದು ಗ್ರಾಹಕರಿಗೆ ಕಳುಹಿಸಿದರು, ರಿಪೇರಿಯನ್ನೂ ಬೇಗ ಮಾಡಿದರು. ನಮ್ಮ ಕೆಲಸದಲ್ಲಿ ಇದನ್ನೇ ನೋಡುತ್ತಿದ್ದೆವು. ಟ್ಯಾಂಕ್ ತುಂಬಿದ್ದರೆ ಕೆಟ್ಟ ಸುದ್ದಿ ಬಂದರೂ ಮೇಲಿನವರ ಧ್ವನಿ ಏರುತ್ತಿರಲಿಲ್ಲ. ತಳ ಕಾಣುವ ದಿನಗಳಲ್ಲಿ ಒಂದು ಪಂಪ್ ನಿಂತರೂ ಫೋನ್ ಮೇಲೆ ಫೋನ್.

ಗದ್ದಲ_ಬೇಡ

ಅಣ್ಣ, ಇದು ನಾನು ಯೋಚಿಸಿರಲಿಲ್ಲ. ಒಪ್ಪಿದೆ. ಒಂದೇ ಸುದ್ದಿ ಒಂದು ವಾರ ಶೇ. 2, ಇನ್ನೊಂದು ವಾರ ಶೇ. 10 ಆಗುವುದು ಟ್ಯಾಂಕಿನಲ್ಲಿ ಎಷ್ಟಿದೆ ಅನ್ನುವುದರ ಮೇಲೆ. ಹಾಗಾದರೆ ಸುದ್ದಿಯನ್ನು ಬರೆದಿಡುವುದಕ್ಕಿಂತ ಟ್ಯಾಂಕಿನಲ್ಲಿ ಎಷ್ಟಿದೆ ಅನ್ನುವುದನ್ನು ಬರೆದಿಡುವುದು ಮೇಲು.

ಗ್ಯಾಸ್_ಗುರುವಾರ

ಶಕ್ತಿ ಮತ್ತು ಲೋಹ ಒಂದೇ ಪುಸ್ತಕದಲ್ಲಿ ಇಟ್ಟದ್ದು ಒಳ್ಳೆಯದೇ ಸರ್, ಎರಡನ್ನೂ ಬೇರೆ ಮಾಡಬೇಡಿ. ಒಂದು ಟನ್ ಅಲ್ಯೂಮಿನಿಯಂ ಮಾಡಲು ಸುಮಾರು 14 ಮೆಗಾವ್ಯಾಟ್ ಅವರ್ ವಿದ್ಯುತ್ ಬೇಕು. ವಿದ್ಯುತ್ತಿಗೆ ಮೆಗಾವ್ಯಾಟ್ ಅವರ್‌ಗೆ 200 ಯೂರೊ ಆದರೆ ಬರೀ ಕರೆಂಟ್ ಖರ್ಚೇ 2800 ಯೂರೊ. 2022ರಲ್ಲಿ ಯುರೋಪಿನಲ್ಲಿ ಗ್ಯಾಸ್ ದುಬಾರಿ ಆಗಿ ವಿದ್ಯುತ್ ಆ ಮಟ್ಟವನ್ನೂ ದಾಟಿತು. ಅಲ್ಯೂಮಿನಿಯಂ ಮಾರಿದರೆ ಬರುವ ದುಡ್ಡಿಗಿಂತ ಕರೆಂಟ್ ಬಿಲ್ ದೊಡ್ಡದು. ಅಲ್ಲಿನ ಎಷ್ಟೋ ಅಲ್ಯೂಮಿನಿಯಂ ಮತ್ತು ಸತುವಿನ ಕರಗಿಸುವ ಘಟಕಗಳು ಉತ್ಪಾದನೆ ಕಡಿಮೆ ಮಾಡಿದವು, ಕೆಲವು ನಿಂತೇ ಹೋದವು. ಅಂಥ ವಾರಗಳಲ್ಲಿ ಸತುವಿನ ಸಾಲಿಗೆ ಕಾರಣ ನಿಮ್ಮ ಗ್ಯಾಸ್ ಸಾಲಿನಲ್ಲೇ ಇರುತ್ತದೆ.

ಶುಕ್ರವಾರದ_ಪುಸ್ತಕ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಹೊಸ ಪುಸ್ತಕ ತಂದೆ. ಈ ಸಲ ಪ್ರತಿ ಬೆಲೆಯ ಪಕ್ಕದಲ್ಲಿ ಕಾಂಟ್ರಾಕ್ಟ್ ತಿಂಗಳು ಬರೆಯುತ್ತೇನೆ. ಮುಂದಿನ ತಿಂಗಳ ಜೊತೆಗಿನ ಅಂತರಕ್ಕೆ ಒಂದು ಕಾಲಂ. ತಾಮ್ರಕ್ಕೆ ಎರಡು ಸಾಲು, ಲಂಡನ್ ಬೇರೆ, ಕೋಮೆಕ್ಸ್ ಬೇರೆ. ದಾಸ್ತಾನಿನ ಪಕ್ಕದಲ್ಲಿ ‘ಯಾವ ಶುಕ್ರವಾರದ್ದು’ ಅಂತ ತಾರೀಕು. ಕಾರಣದ ಕಾಲಂ ತೆಗೆದುಬಿಡಲಾ?

ಒಪ್ಪಂದದ_ತಿಂಗಳು

ತೆಗೆಯಬೇಡಿ ಸರ್. ಆದರೆ ಅದನ್ನು ಶುಕ್ರವಾರ ತುಂಬಬೇಡಿ. ಖಾಲಿ ಬಿಟ್ಟು, ಒಂದು ತಿಂಗಳು ಕಳೆದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ನಾನು ಹಾಗೇ ಮಾಡುತ್ತೇನೆ. ಅರ್ಧಕ್ಕರ್ಧ ವಾರ ಖಾಲಿಯೇ ಉಳಿಯುತ್ತವೆ.

ಶುಕ್ರವಾರದ_ಪುಸ್ತಕ

ಸರಿ ಸರ್. ಕೊನೆಯ ಪ್ರಶ್ನೆ. ಶುಕ್ರವಾರ ಬೆಲೆಯೇ ಇಲ್ಲದಿದ್ದರೆ? ಹಳೆಯ ಅಂಕಿ ಕೂಡಿಸಿಕೊಳ್ಳುವಾಗ 2022ರ ಮಾರ್ಚ್ 11ಕ್ಕೆ ನಿಕಲ್ ಬೆಲೆ ಎಲ್ಲೂ ಸಿಗಲಿಲ್ಲ.

ತಾಮ್ರದ_ತಂತಿ

ಅವತ್ತು ಬೆಲೆ ಇರಲೇ ಇಲ್ಲ. ಮಾರ್ಚ್ 4ರ ಶುಕ್ರವಾರ ನಿಕಲ್ ಟನ್‌ಗೆ 29,000 ಡಾಲರ್ ಆಸುಪಾಸು. ಬೆಲೆ ಬೀಳುತ್ತದೆ ಅಂತ ಮೊದಲೇ ಮಾರಿಟ್ಟಿದ್ದ ದೊಡ್ಡ ಉತ್ಪಾದಕರೊಬ್ಬರು, ಏರುವ ಬೆಲೆಗೆ ವಾಪಸ್ ಕೊಳ್ಳಬೇಕಾಗಿ ಬಂದು, ಸಿಕ್ಕಿಹಾಕಿಕೊಂಡರು. ಸೋಮವಾರ ಬೆಲೆ 48,000 ಆಯಿತು. ಮಂಗಳವಾರ, ಮಾರ್ಚ್ 8, ಬೆಳಗಿನ ಜಾವ ಒಂದು ಲಕ್ಷ ಡಾಲರ್ ದಾಟಿತು. ಎಲ್‌ಎಂಇ ವಹಿವಾಟು ನಿಲ್ಲಿಸಿತು, ಆ ದಿನ ಆಗಿದ್ದ ವ್ಯಾಪಾರಗಳನ್ನೂ ರದ್ದು ಮಾಡಿತು. ಮತ್ತೆ ತೆರೆದದ್ದು ಮಾರ್ಚ್ 16ಕ್ಕೆ, ದಿನಕ್ಕೆ ಇಷ್ಟೇ ಅಲುಗಾಡಬಹುದು ಅಂತ ಮಿತಿ ಹಾಕಿ. ಆಮೇಲೆ ಕೆಲವು ದಿನ ಮಾರುವವರೇ ಎಲ್ಲ, ತೆರೆದ ತಕ್ಷಣ ಕೆಳಗಿನ ಮಿತಿ ಮುಟ್ಟಿ ನಿಲ್ಲುತ್ತಿತ್ತು. ಆ ಬೆಲೆಗಳನ್ನೂ ಪೂರ್ತಿ ನಂಬಬೇಡಿ.

ಆ ಸಾಲಿನಲ್ಲಿ ಅಂಕಿ ಬರೆಯಬೇಡಿ. ‘ಮಾರುಕಟ್ಟೆ ಮುಚ್ಚಿತ್ತು’ ಅಂತಲೇ ಬರೆಯಿರಿ. ಸೋಮವಾರದ 48,000 ತಂದು ಶುಕ್ರವಾರದ ಜಾಗದಲ್ಲಿ ಕೂರಿಸಿದ ಪಟ್ಟಿಗಳನ್ನು ನಾನು ನೋಡಿದ್ದೇನೆ.

ಡಿಪ್_ಟೇಪ್

ಗುಡ್ ಫ್ರೈಡೇ ವಾರ ಗುರುವಾರದ ಬೆಲೆ ಬರೆದು ಪಕ್ಕದಲ್ಲಿ ‘ಗು’ ಅಂತ ಹಾಕಿ. ಅಮೆರಿಕದಲ್ಲಿ ಸೋಮವಾರ ಸರಕಾರಿ ರಜೆ ಇದ್ದರೆ ಬುಧವಾರದ ತೈಲ ವರದಿ ಗುರುವಾರಕ್ಕೆ ಹೋಗುತ್ತದೆ, ಗ್ಯಾಸ್ ವರದಿ ಎಂದಿನ ಗುರುವಾರವೇ ಬಂದರೂ ಬರಬಹುದು. ಚೀನಾದ ಹೊಸ ವರ್ಷಕ್ಕೆ ಶಾಂಘೈ ಲೋಹದ ಮಾರುಕಟ್ಟೆ ಒಂದು ವಾರ ಮುಚ್ಚಿರುತ್ತದೆ. ಶುಕ್ರವಾರ ಅಲ್ಲಿಂದ ಬರುವ ಲೋಹದ ದಾಸ್ತಾನಿನ ಅಂಕಿಯೂ ಆ ವಾರ ಬರುವುದಿಲ್ಲ. ರಜೆ ಮುಗಿದು ಬಂದಾಗ ದಾಸ್ತಾನು ದೊಡ್ಡದಾಗಿ ಏರಿರುತ್ತದೆ, ಕಾರ್ಖಾನೆಗಳು ಮುಚ್ಚಿದ್ದವು ಅಲ್ವಾ. ಅದನ್ನು ಹಿಂದಿನ ವರ್ಷದ ರಜೆಯ ಏರಿಕೆ ಪಕ್ಕದಲ್ಲಿ ಇಟ್ಟು ನೋಡಿ.